ಮನೆ ಪಕ್ಕದ ಮರ ಕಡಿಸುವ ಮೊದಲು ಒಂದು ಸಲ ಬುಡ ನೋಡಿ

ಹೋದ ವರ್ಷ ಕೃತ್ತಿಕೆ ಮಳೆಯಲ್ಲಿ ನಮ್ಮ ಮನೆಯ ಹಲಸಿನ ಮರದ ಒಂದು ಕೊಂಬೆ ಕೊಟ್ಟಿಗೆ ಮೇಲೆ ಬಿತ್ತು. ರಾತ್ರಿ ಹತ್ತೂವರೆ ಇರಬಹುದು. ಮಳೆಗಿಂತ ಮೊದಲು ಗಾಳಿ ಬಂತು, ಕರೆಂಟ್ ಹೋಯ್ತು, ಆಮೇಲೆ ಶೀಟ್ ಒಡೆದ ಸದ್ದು. ಟಾರ್ಚ್ ಹಿಡಿದು ಓಡಿದೆವು. ಎರಡು ಸಿಮೆಂಟ್ ಶೀಟ್ ಪುಡಿಯಾಗಿತ್ತು. ತೊಡೆ ಗಾತ್ರದ ಕೊಂಬೆ ಕರುವಿನ ಗೂಟದಿಂದ ಮೂರೇ ಅಡಿ ದೂರದಲ್ಲಿ ಬಿದ್ದಿತ್ತು. ಕರು ಹಗ್ಗ ಬಿಗಿಯಾಗುವಷ್ಟು ಹಿಂದೆ ಸರಿದು ನಡುಗುತ್ತಾ ನಿಂತಿತ್ತು.

ಅಪ್ಪ ಅಲ್ಲೇ ನಿಂತು ತೀರ್ಮಾನ ಹೇಳಿಬಿಟ್ಟರು. “ಬೆಳಗ್ಗೆ ಎದ್ದ ತಕ್ಷಣ ಮಿಷನ್‌ನೋರಿಗೆ ಫೋನ್ ಮಾಡು. ಬುಡಕ್ಕೇ ಕೊಯ್ಸಿಬಿಡೋಣ. ಇವತ್ತು ಶೀಟು, ನಾಳೆ ಯಾರ ತಲೆ ಮೇಲೋ.” ಎದುರು ಮಾತಾಡುವ ಧೈರ್ಯ ನನಗೆ ಬರಲಿಲ್ಲ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆ ಮರ ತಾತ ನೆಟ್ಟದ್ದು. ಐವತ್ತು ವರ್ಷ ದಾಟಿದೆ. ಕೊಟ್ಟಿಗೆಯಿಂದ 12 ಅಡಿ, ಅಡುಗೆಮನೆಯಿಂದ 25 ಅಡಿ. ಅದರ ತೊಳೆ ಕೇಸರಿ ಬಣ್ಣ, ಮೇಣ ಕಡಿಮೆ. ಸಂಬಂಧಿಕರು ಮೇ ತಿಂಗಳಲ್ಲಿ ನಮ್ಮ ಮನೆಗೆ ಬರೋದು ನಮ್ಮನ್ನು ನೋಡೋಕೋ ಹಣ್ಣಿಗೋ ಅಂತ ಅಮ್ಮ ಇವತ್ತಿಗೂ ತಮಾಷೆ ಮಾಡ್ತಾರೆ. ಅವತ್ತು ರಾತ್ರಿ ಮಾತ್ರ ಅಮ್ಮ ಏನೂ ಹೇಳಲಿಲ್ಲ.

ಬೆಳಗ್ಗೆ ಫೋನ್ ಮಾಡುವ ಮೊದಲು ಏಣಿ ಹಾಕಿ ಕೊಂಬೆ ಮುರಿದ ಜಾಗ ನೋಡಿದೆ. ನೋಡಿದ ಮೇಲೆ ತಪ್ಪು ಮರದ್ದಲ್ಲ, ನನ್ನದು ಅಂತ ಗೊತ್ತಾಯ್ತು.

2012ರಲ್ಲಿ ತೋಟಗಾರಿಕೆ ಪದವಿ ಮುಗಿಸಿ ಊರಿಗೆ ಬಂದೆ. ಅದೇ ವರ್ಷ ಕೊಟ್ಟಿಗೆ ಕಟ್ಟಿಸಿದೆವು. ಶೀಟ್ ಮೇಲೆ ಎಲೆ ಬೀಳುತ್ತೆ ಅಂತ ಆ ಕಡೆಯ ನಾಲ್ಕು ಕೊಂಬೆಗಳನ್ನು ಅರ್ಧಕ್ಕೇ ಹೊಡೆಸಿದ್ದು ನಾನೇ. ಕೆಳಗೆ ನಿಂತು ಕೈ ತೋರಿಸಿ, “ಅಲ್ಲಿಗೇ ಹೊಡೀರಣ್ಣ, ಸಾಕು” ಅಂದಿದ್ದೆ. ಡಿಗ್ರಿ ಬೇರೆ ಇತ್ತಲ್ಲ, ಯಾರೂ ಪ್ರಶ್ನೆ ಮಾಡಲಿಲ್ಲ. ಕಾಲೇಜಿನಲ್ಲಿ ನಾವು ಕಲಿತದ್ದು ದ್ರಾಕ್ಷಿ, ದಾಳಿಂಬೆ, ಸೀಬೆ ಸವರುವುದನ್ನು. ಮನೆ ಪಕ್ಕದ 40 ಅಡಿ ಮರದ ಬಗ್ಗೆ ನನಗೆ ಗೊತ್ತಿದ್ದದ್ದು ಕೊಡಲಿ ಹಿಡಿದಿದ್ದ ಅಣ್ಣನಿಗಿಂತ ಹೆಚ್ಚೇನೂ ಇರಲಿಲ್ಲ.

ಅರ್ಧಕ್ಕೆ ಕಡಿದರೆ ಏನಾಗುತ್ತೆ

ನಮ್ಮ ಕೈಗೆ ಗಾಯವಾದರೆ ಹೊಸ ಚರ್ಮ ಬಂದು ಮಾಯುತ್ತೆ. ಮರಕ್ಕೆ ಹಾಗಲ್ಲ. ಕೊಳೆತ ಜಾಗವನ್ನು ಅದು ಸರಿಪಡಿಸಿಕೊಳ್ಳುವುದಿಲ್ಲ, ಸುತ್ತ ಗೋಡೆ ಕಟ್ಟಿ ಅಷ್ಟನ್ನು ಒಳಗೇ ಮುಚ್ಚಿಹಾಕುತ್ತೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಇದನ್ನು ತೋರಿಸಿಕೊಟ್ಟವರು. ಮರ ಈ ಗೋಡೆಯನ್ನು ಚೆನ್ನಾಗಿ ಕಟ್ಟುವುದು ಕೊಂಬೆ ಕಾಂಡಕ್ಕೆ ಸೇರುವ ಜಾಗದಲ್ಲಿ. ಕೊಂಬೆಯ ಬುಡದಲ್ಲಿ ಬಳೆ ತೊಡಿಸಿದ ಹಾಗೆ ಒಂದು ಉಬ್ಬು ಇರುತ್ತದಲ್ಲ, ಅಲ್ಲಿ. ಆ ಉಬ್ಬಿನ ಹೊರಗೆ ಕೊಯ್ದರೆ ಗಾಯದ ಸುತ್ತ ತೊಗಟೆ ಉಂಗುರದ ಹಾಗೆ ಬೆಳೆದು ಮುಚ್ಚಿಕೊಳ್ಳುತ್ತೆ. ಎರಡಡಿ ಮೋಟು ಬಿಟ್ಟರೆ ಮುಚ್ಚಿಕೊಳ್ಳೋಕೆ ದಾರಿಯೇ ಇಲ್ಲ. ಮೋಟು ಒಣಗುತ್ತೆ, ಕೊಳೆಯುತ್ತೆ, ಕೊಳೆತ ಹಾಗೇ ಕಾಂಡದ ಕಡೆ ಇಳಿಯುತ್ತೆ. ‘ನೀಟಾಗಿರಲಿ’ ಅಂತ ಉಬ್ಬನ್ನೂ ಸೇರಿಸಿ ಕಾಂಡಕ್ಕೆ ಸಪಾಟಾಗಿ ಸವರಿದರೂ ತಪ್ಪೇ. ಗೋಡೆ ಕಟ್ಟುವ ಜಾಗವನ್ನೇ ತೆಗೆದ ಹಾಗಾಯ್ತು.

ಇದರ ಜೊತೆಗೆ ಇನ್ನೊಂದು ತೊಂದರೆ. ಎಲೆ ಕಳೆದುಕೊಂಡ ಮರ ಗಾಬರಿಯಾಗಿ ಮೋಟಿನ ತುದಿಯಿಂದ ಹತ್ತಾರು ನೀರು ಚಿಗುರು ಬಿಡುತ್ತೆ. ನೋಡೋಕೆ ಸೊಂಪಾಗಿರುತ್ತೆ, ‘ಮರ ಚಿಗುರ್ತು’ ಅಂತ ಖುಷಿ ಪಡ್ತೀವಿ. ಹುಟ್ಟಿನಿಂದ ಬೆಳೆದ ಕೊಂಬೆ ಕಾಂಡದ ಒಳಗಿನಿಂದ ಪದರ ಪದರವಾಗಿ ಕೂಡಿಕೊಂಡಿರುತ್ತೆ. ಈ ಚಿಗುರಿಗೆ ಆ ಹಿಡಿತ ಇಲ್ಲ, ತೊಗಟೆಯ ಹತ್ತಿರ ಅಂಟಿಕೊಂಡಿರುತ್ತೆ ಅಷ್ಟೆ. ಕೆಳಗೆ ಕೊಳೆಯುವ ಮೋಟು, ಮೇಲೆ ವರ್ಷ ವರ್ಷ ಭಾರ ಹೆಚ್ಚುವ ಚಿಗುರು. ನಮ್ಮ ಕೊಟ್ಟಿಗೆ ಮೇಲೆ ಬಿದ್ದದ್ದು ಅಂಥದ್ದೇ ಒಂದು. ಮುರಿದ ಜಾಗದಲ್ಲಿ ಬೆರಳು ಇಟ್ಟರೆ ನೆನೆದ ರಸ್ಕ್ ಹಾಗೆ ಪುಡಿಯಾಯ್ತು.

ಅಪ್ಪನ ಹತ್ತಿರ ಒಂದು ತಿಂಗಳು ಟೈಮ್ ಕೇಳಿದೆ. ಎರಡು ಕಾರಣ ಹೇಳಿದೆ. ಒಂದು, ಮರ ನಿಜಕ್ಕೂ ಅಪಾಯದಲ್ಲಿದೆಯಾ ಅಂತ ಪೂರ್ತಿ ನೋಡಬೇಕು. ಎರಡು, ಕಡಿಯೋದೇ ಆದರೆ ಮೊದಲು ಕಸಿ ಕಟ್ಟಿಕೊಳ್ಳಬೇಕು. ಈ ಎರಡನೆಯದಕ್ಕೆ ಅಪ್ಪ ಒಪ್ಪಿದರು, ಯಾಕೆಂದರೆ ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಸಿದ್ದು ಹಲಸಿನ ಕತೆ ಗೊತ್ತಿಲ್ಲದವರಿಲ್ಲ. ಚೇಳೂರಿನ ರೈತ ಪರಮೇಶ್ ಅವರ ತಂದೆ ಸಿದ್ದಪ್ಪ ನೆಟ್ಟ ಒಂದೇ ಒಂದು ಮರ, ತಾಮ್ರಗೆಂಪು ತೊಳೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿ, 2017ರಲ್ಲಿ ಅವರ ಜೊತೆ ಒಪ್ಪಂದ ಮಾಡಿಕೊಂಡು ಕಸಿ ಸಸಿಗಳನ್ನು ರೈತರಿಗೆ ತಲುಪಿಸಿತು. ನಿಮ್ಮ ಮನೆ ಮರವೂ ಹಾಗೇ ಆಗುತ್ತೆ ಅಂತ ಹೇಳುತ್ತಿಲ್ಲ. ಆದರೆ ಬೀಜದಿಂದ ಹುಟ್ಟಿದ ಒಂದೊಂದು ಹಲಸೂ ಬೇರೆ ಬೇರೆ. ಬುಡಕ್ಕೆ ಗರಗಸ ಹಾಕಿದ ದಿನ ಆ ರುಚಿ ಮುಗೀತು. ಹಳೆ ಮರ ಕಡಿಸುವ ಯೋಚನೆ ಇದ್ದರೆ, ಮೂರ್ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ತುದಿ ಕಡ್ಡಿಗಳನ್ನು ಗುರುತು ಮಾಡಿ, ಎಂಟು-ಹತ್ತು ದಿನ ಮೊದಲು ಎಲೆ ಸವರಿಟ್ಟು, ಮೊಗ್ಗು ಉಬ್ಬಿದ ಮೇಲೆ ಹತ್ತಿರದ ನರ್ಸರಿಗೆ ಕೊಟ್ಟು ಮೃದುಕಾಂಡ ಕಸಿ ಮಾಡಿಸಿ. ಹತ್ತು ಕಡ್ಡಿ ಕೊಡಿ, ಎಲ್ಲವೂ ಹಿಡಿಯೋದಿಲ್ಲ. ನಮ್ಮದರಲ್ಲಿ ನಾಲ್ಕು ಬದುಕಿದವು.

ಮೇಲೆ ನೋಡಬೇಡಿ, ಮೊದಲು ಕೆಳಗೆ ನೋಡಿ

ಮರ ಬೀಳುತ್ತಾ ಅಂತ ನೋಡುವಾಗ ಎಲ್ಲರೂ ತಲೆ ಎತ್ತಿ ಕೊಂಬೆ ನೋಡ್ತಾರೆ. ನೀವು ಬುಡದಿಂದ ಶುರು ಮಾಡಿ.

ಕಾಂಡ ನೆಲಕ್ಕೆ ಸೇರುವ ಜಾಗದಲ್ಲಿ ಆನೆಕಾಲಿನ ಹಾಗೆ ಅಗಲವಾಗಿ ಬೇರು ಹರಡಿದ್ದು ಕಾಣಬೇಕು. ಕಂಬ ಹೂತ ಹಾಗೆ ನೇರವಾಗಿ ಮಣ್ಣೊಳಗೆ ಹೋಗಿದ್ದರೆ ಯಾರೋ ಮಣ್ಣು ಏರಿಸಿದ್ದಾರೆ ಅಂತ ಅರ್ಥ. ಬುಡದಲ್ಲಿ ಅಥವಾ ಬೇರಿನ ಮೇಲೆ ಗಟ್ಟಿ ಅಣಬೆ ಎದ್ದಿದ್ದರೆ ಒಳಗೆ ಕೊಳೆತ ಇದೆ. ತೆಂಗಿನ ತೋಟದವರಿಗೆ ಅಣಬೆ ರೋಗ ಹೊಸದೇನಲ್ಲ, ಹೊರಗೆ ಅಣಬೆ ಕಾಣುವ ಹೊತ್ತಿಗೆ ಒಳಗೆ ಎಷ್ಟು ಹೋಗಿರುತ್ತೆ ಅಂತ ಅವರಿಗೆ ಗೊತ್ತು. ಆಮೇಲೆ ಓರೆ. ಹುಟ್ಟಿನಿಂದ ಓರೆಯಾದ ಮರ ಬುಡದಲ್ಲಿ ವಾಲಿ, ಮೇಲೆ ಹೋಗ್ತಾ ಬಿಲ್ಲಿನ ಹಾಗೆ ಬಾಗಿ ನೇರವಾಗಿರುತ್ತೆ. ಅದಕ್ಕೆ ತಕ್ಕ ಹಾಗೆ ಬೇರೂ ಬಿಟ್ಟಿರುತ್ತೆ, ಅಷ್ಟು ಹೆದರಬೇಕಿಲ್ಲ. ಬುಡದಿಂದ ತುದಿವರೆಗೆ ಕೋಲಿನ ಹಾಗೆ ನೆಟ್ಟಗಿದ್ದು ಈಚೆಗೆ ವಾಲಿದ್ದರೆ, ಅದರಲ್ಲೂ ವಾಲಿದ ದಿಕ್ಕಿನ ಎದುರು ಕಡೆ ಮಣ್ಣು ಎದ್ದು ಬಿರುಕು ಬಿಟ್ಟಿದ್ದರೆ, ಆವತ್ತೇ ಅದರ ಕೆಳಗಿನಿಂದ ದನ, ಗಾಡಿ, ಮಂಚ ಎಲ್ಲ ತೆಗೆಯಿರಿ. ಅದು ಬೇರು ಕಿತ್ತ ಮರ.

ಕಾಂಡವನ್ನು ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ. ಹಲಸಿನ ಹಣ್ಣು ತಟ್ಟಿ ನೋಡೋರಿಗೆ ಇದನ್ನ ಹೇಳಿಕೊಡಬೇಕಾ? ಡಬ್ಬದ ಸದ್ದು ಬಂದರೆ ಪೊಟರೆ ಇದೆ. ಪೊಟರೆ ಇದ್ದ ಮಾತ್ರಕ್ಕೆ ಮರ ಬೀಳುತ್ತೆ ಅಂತಲ್ಲ. ಕಬ್ಬಿಣದ ಪೈಪೂ ಟೊಳ್ಳೇ, ಭಾರ ಹೊರುತ್ತಲ್ಲ. ಹೊರಗಿನ ಗಟ್ಟಿ ಮರ ಎಷ್ಟು ದಪ್ಪ ಉಳಿದಿದೆ ಅನ್ನೋದೇ ಲೆಕ್ಕ. ಕಾಂಡದ ಅರ್ಧ ದಪ್ಪದಲ್ಲಿ ಮೂರನೇ ಒಂದು ಭಾಗದಷ್ಟಾದರೂ ಸುತ್ತಲೂ ಗಟ್ಟಿ ಇರಬೇಕು ಅಂತ ಮರ ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಹಿಡಿಯುವ ಅಳತೆ. ನಮ್ಮ ಹಲಸು ಎದೆ ಎತ್ತರದಲ್ಲಿ 88 ಇಂಚು ಸುತ್ತಳತೆ, ಅಂದರೆ 28 ಇಂಚು ದಪ್ಪ. ಅರ್ಧ 14. ಐದು ಇಂಚು ಗಟ್ಟಿ ಬೇಕು. ಪಶ್ಚಿಮಕ್ಕೆ ಒಂದು ಪೊಟರೆ ಇದೆ, ಗಿಳಿಗಳು ಇರ್ತವೆ. ತೆಳು ಸರಳು ಹಾಕಿ ಅಳೆದಾಗ ಆರರಿಂದ ಏಳು ಇಂಚು ಸಿಕ್ಕಿತು. ಇದು ಅಂದಾಜೇ, ಆದರೆ ಹೆದರಿ ಕಡಿಸುವುದಕ್ಕಿಂತ ಅಳೆದು ನೋಡುವುದು ವಾಸಿ.

ಕವಲನ್ನೂ ನೋಡಿ. ಎರಡು ಕೊಂಬೆ ಕೂಡುವ ಜಾಗ ತೊಟ್ಟಿಲಿನ ಹಾಗೆ ಅಗಲವಾಗಿದ್ದರೆ ಗಟ್ಟಿ. ಕತ್ತರಿಯ ಹಾಗೆ ಇಕ್ಕಟ್ಟಾಗಿ, ನಡುವೆ ತೊಗಟೆ ಸಿಕ್ಕಿಹಾಕಿಕೊಂಡಿದ್ದರೆ ಅದು ಕೂಡಿಲ್ಲ, ಒರಗಿಕೊಂಡಿದೆ ಅಷ್ಟೆ. ಜೋರು ಗಾಳಿಗೆ ಸೀಳುವುದು ಇಂಥ ಕವಲು.

ಹೀಗೆ ನೋಡ್ತಾ ಹೋದಾಗ ನಮ್ಮ ಅಂಗಳದಲ್ಲಿ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಹಲಸಲ್ಲ, ನಾನು ನೆಟ್ಟ ಸಿಲ್ವರ್ ಓಕ್! ಎರಡನೇ ವರ್ಷದ ರಜೆಯಲ್ಲಿ ಕಾಲೇಜ್ ನರ್ಸರಿಯಿಂದ ತಂದು ಗೋಡೆಯಿಂದ ಐದೇ ಅಡಿಗೆ ನೆಟ್ಟಿದ್ದೆ. ತಂತಿಗೆ ತಾಗುತ್ತೆ ಅಂತ ಒಮ್ಮೆ ತುದಿ ಹೊಡೆಸಿದ್ದೆವು. ಅಲ್ಲಿಂದ ಎರಡು ತಲೆ ಎದ್ದು, ನಡುವೆ ಅದೇ ಕತ್ತರಿ ಕವಲು. ಸಿಲ್ವರ್ ಓಕ್ ಮರ ಮೊದಲೇ ಪೆಡಸು. ನೇರ ಕೆಳಗೆ ತಂಗಿಯ ಮಕ್ಕಳು ರಜೆಯಲ್ಲಿ ಬಂದರೆ ಮಲಗುವ ಕೋಣೆ. ಅಪ್ಪನಿಗೆ ತೋರಿಸಿದೆ. “ಇದು ನೀನೇ ನೆಟ್ಟಿದ್ದಲ್ವೇನೋ?” ಅಂದರು. ಹೌದು ಅಂದೆ. ಅದೇ ವಾರ ತೆಗೆಸಿದೆವು. ಗಂಟಲು ಸ್ವಲ್ಪ ಕಟ್ಟಿತು, ಸುಳ್ಳು ಯಾಕೆ ಹೇಳಲಿ.

ಸೌದೆ ಕೊಟ್ಟು ಕೂಲಿ ಉಳಿಸಬೇಡಿ

ನಮ್ಮ ಕಡೆ ಮರ ಸವರೋಕೆ ಬರುವವರು “ದುಡ್ಡೇನೂ ಬೇಡ, ಸೌದೆ ನಮಗೆ ಬಿಡಿ ಸಾಕು” ಅಂತಾರೆ. ಕೇಳೋಕೆ ಲಾಭ. ಆದರೆ ಯೋಚನೆ ಮಾಡಿ, ಸೌದೆಯೇ ಕೂಲಿ ಆದರೆ ಅವರು ಯಾವುದನ್ನು ಕಡಿಯುತ್ತಾರೆ? ಒಣಗಿದ ಪುಳ್ಳೆಯನ್ನಲ್ಲ. ತೂಕ ಬರುವ, ದಪ್ಪದ, ಆರೋಗ್ಯವಾಗಿರುವ ಕೊಂಬೆಯನ್ನು. ಅವರ ತಪ್ಪಲ್ಲ ಅದು, ಒಪ್ಪಂದವೇ ಹಾಗಿದೆ. 2012ರಲ್ಲಿ ನಾವೂ ಅದೇ ಮಾಡಿದ್ದು. ಈ ಸಲ ದಿನಗೂಲಿ ಕೊಟ್ಟು, ಸೌದೆ ನಮ್ಮದು ಅಂತ ಮೊದಲೇ ಮಾತಾಡಿಕೊಂಡೆ. ಕೊಯ್ಯುವ ಜಾಗಕ್ಕೆಲ್ಲ ಸುಣ್ಣದಲ್ಲಿ ಗೆರೆ ಎಳೆದಿದ್ದೆ. ಮರ ಹತ್ತಿದ ಅಣ್ಣ ಮೊದಲು ನಕ್ಕರು. “ಏನ್ ಸಾರ್, ಕ್ಷೌರ ಮಾಡ್ಸಿದಂಗಿದೆ” ಅಂದರು. ಮಧ್ಯಾಹ್ನದ ಹೊತ್ತಿಗೆ ಅವರೇ ಮೇಲಿಂದ “ಈ ಉಬ್ಬಿನ ಹೊರಗೇ ತಾನೆ?” ಅಂತ ಕೇಳ್ತಿದ್ದರು.

ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಮೇಲಿಂದ ಕೊಯ್ದರೆ ಅರ್ಧ ಆಗುವಾಗಲೇ ಭಾರಕ್ಕೆ ಮುರಿದು, ಕಾಂಡದ ತೊಗಟೆಯನ್ನು ಬಾಳೆಪಟ್ಟೆ ಸುಲಿದ ಹಾಗೆ ಎಳೆದುಕೊಂಡು ಬೀಳುತ್ತೆ. ಅದಕ್ಕೇ ಮೂರು ಕೊಯ್ತ. ಕಾಂಡದಿಂದ ಒಂದಡಿ ದೂರದಲ್ಲಿ ಮೊದಲು ಕೆಳಗಿನಿಂದ ಮೇಲಕ್ಕೆ ಕಾಲು ಭಾಗ ಕೊಯ್ಯಿರಿ. ಅಲ್ಲಿಂದ ಎರಡು-ಮೂರು ಇಂಚು ಹೊರಗೆ, ಮೇಲಿನಿಂದ ಪೂರ್ತಿ ಕೊಯ್ಯಿರಿ. ಕೊಂಬೆ ತೊಗಟೆ ಸುಲಿಯದೆ ಬೀಳುತ್ತೆ. ಉಳಿದ ಮೋಟಿಗೆ ಈಗ ಭಾರ ಇಲ್ಲ, ನಿಧಾನವಾಗಿ ಉಬ್ಬಿನ ಹೊರಅಂಚಿಗೆ ಕೊಯ್ದು ತೆಗೆಯಿರಿ. ಮಚ್ಚು ಬೇಡ, ಗರಗಸವೇ ಇರಲಿ. ಮಚ್ಚಿನ ಏಟಿಗೆ ತೊಗಟೆ ಜಜ್ಜುತ್ತೆ. ನೆಲದಲ್ಲಿ ನಿಂತು ಕೈಗರಗಸಕ್ಕೆ ಎಟುಕುವಷ್ಟು ನೀವು ಮಾಡಿಕೊಳ್ಳಿ. ಏಣಿ ಮೇಲೆ ನಿಂತು ಚೈನ್‌ಸಾ ಹಿಡಿಯುವ ಸಾಹಸ ಮಾಡಬೇಡಿ, ಯೂಟ್ಯೂಬ್‌ನಲ್ಲಿ ಎಷ್ಟೇ ಸುಲಭ ಕಂಡರೂ.

ಒಂದೇ ವರ್ಷದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹಸಿರು ತೆಗೆಯಬಾರದು, ಮುದಿ ಮರಕ್ಕೆ ಅದಕ್ಕಿಂತಲೂ ಕಡಿಮೆ. ಒಣಕೊಂಬೆ ಯಾವಾಗ ಬೇಕಾದರೂ ತೆಗೆಯಬಹುದು, ಅಶ್ವಿನಿ-ಭರಣಿ ಗಾಳಿ ಶುರುವಾಗುವ ಮೊದಲು, ಮಾರ್ಚ್ ಒಳಗೆ ಮುಗಿಸಿದರೆ ನಿಶ್ಚಿಂತೆ. ಹಸಿ ಕೊಂಬೆಯನ್ನು ಮಾವು, ಹಲಸು ಎರಡರಲ್ಲೂ ಕೊಯ್ಲು ಮುಗಿದ ಮೇಲೆ, ಮಳೆ ಬಿಡುವು ನೋಡಿ ಸವರಿ. ಕೊಟ್ಟಿಗೆ ಮೇಲಿನ ಉಳಿದ ಮೂರು ಕೊಳೆತ ಮೋಟುಗಳಿಗೆ ಮಾತ್ರ ನಾನು ಕಾಯಲಿಲ್ಲ, ತಲೆ ಮೇಲಿನ ಅಪಾಯಕ್ಕೆ ಋತು ಇಲ್ಲ. ಹಲಸಿನಲ್ಲಿ ಒಂದು ಅನುಕೂಲ ಇದೆ. ಅದು ಕಾಯಿ ಬಿಡುವುದು ಕಾಂಡದಲ್ಲಿ, ದಪ್ಪ ಕೊಂಬೆಯಲ್ಲಿ. ಮೇಲಿನ ಚಾಚು ಕಡಿಮೆ ಮಾಡಿದರೆ ಫಸಲು ಅಷ್ಟೇನೂ ಕಳೆಯುವುದಿಲ್ಲ. ಎತ್ತರದ ತೆಳು ಕೊಂಬೆಯಲ್ಲಿ ಕಾಯಿ ಕಚ್ಚಿದರೆ ಎಳೆಯದರಲ್ಲೇ ಕಿತ್ತು ಪಲ್ಯ ಮಾಡಿ. ಹದಿನೈದು ಕೆಜಿ ಹಣ್ಣು ಅಲ್ಲಿ ನೇತಾಡುವುದು ಕೊಂಬೆಗೂ ಕೆಳಗೆ ಓಡಾಡುವವರಿಗೂ ಒಳ್ಳೆಯದಲ್ಲ.

ಗಾಯಕ್ಕೆ ಏನು ಹಚ್ಚಬೇಕು ಅಂತ ತುಂಬಾ ಜನ ಕೇಳ್ತಾರೆ. ಟಾರ್, ಪೇಂಟ್, ಗ್ರೀಸ್ ಬೇಡವೇ ಬೇಡ, ತೇವ ಒಳಗೇ ಕೂತು ಕೊಳೆತ ಹೆಚ್ಚುತ್ತೆ. ಸರಿಯಾದ ಜಾಗದಲ್ಲಿ ಕೊಯ್ದ ಹಲಸಿಗೆ ನಾನು ಏನೂ ಹಚ್ಚಲಿಲ್ಲ. ಮಳೆಗಾಲದಲ್ಲಿ ಕೊಯ್ದ ಮಾವಿಗಾದರೆ ಬೋರ್ಡೋ ಮುಲಾಮು ಹಚ್ಚುತ್ತೇನೆ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಎರಡನ್ನೂ ಐದೈದು ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಬೇರೆ ಬೇರೆ ಕರಗಿಸಿ ಕೂಡಿಸುವುದು. ಸಾವಯವ ಪ್ರಮಾಣಪತ್ರ ಇರುವವರು ತಾಮ್ರ ಬಳಸುವ ಮೊದಲು ನಿಮ್ಮ ಪ್ರಮಾಣೀಕರಣ ಸಂಸ್ಥೆಯನ್ನು ಕೇಳಿಕೊಳ್ಳಿ.

ಮಾವಿನ ಮಾತು ಬಂತಲ್ಲ. ನಮ್ಮ ಉಪ್ಪಿನಕಾಯಿ ಮಾವಿಗೆ ಬಟ್ಟೆ ಒಣಹಾಕುವ ತಂತಿ ಸುತ್ತಿ ಎಷ್ಟೋ ವರ್ಷ ಆಗಿತ್ತು. ಕಾಂಡ ದಪ್ಪವಾಗ್ತಾ ತಂತಿಯನ್ನು ನುಂಗಿಬಿಟ್ಟಿತ್ತು, ಅದರ ಮೇಲಿನ ಕೊಂಬೆ ಸೊರಗಿತ್ತು. ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ, ಅದನ್ನೇ ಕೊರಳು ಹಿಸುಕಿದ ಹಾಗೆ ಮಾಡಿದ್ದೆವು. ತಂತಿ, ಸೀರಿಯಲ್ ಲೈಟ್ ಕಟ್ಟಿದ ಹಗ್ಗ, ಜೋಕಾಲಿ ಸರಪಳಿ, ಎಲ್ಲ ಒಮ್ಮೆ ನೋಡಿ. ಕಾಂಡದಿಂದ ಮರದ ಹೊಟ್ಟು ಉದುರುತ್ತಿದ್ದರೆ ಕಾಂಡ ಕೊರಕ. ರಂಧ್ರ ಹುಡುಕಿ, ತುದಿ ಬಗ್ಗಿಸಿದ ತಂತಿ ಹಾಕಿ ಹುಳ ಎಳೆದು, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಜೇಡಿಮಣ್ಣಿನಿಂದ ಮುಚ್ಚಿ.

ಬೇರು ಎಲ್ಲಿವೆ ಅಂತ ನಿಮಗೆ ಗೊತ್ತಾ

ಮರದ ಬೇರು ಪಾತಾಳಕ್ಕೆ ಇಳಿದಿರುತ್ತೆ ಅನ್ನೋದು ನಮ್ಮೆಲ್ಲರ ನಂಬಿಕೆ. ಹೆಚ್ಚಿನ ಬೇರುಗಳು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ, ನೆರಳಿನ ಅಂಚನ್ನೂ ದಾಟಿ ಹರಡಿರುತ್ತವೆ. ಒಂದು ಸುಲಭ ಲೆಕ್ಕ: ಎದೆ ಎತ್ತರದಲ್ಲಿ ಕಾಂಡದ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು 3.14ರಿಂದ ಭಾಗಿಸಿ. ಬಂದಷ್ಟು ಅಡಿ, ಬುಡದಿಂದ ಸುತ್ತಲೂ, ಅಗೆಯಬಾರದ ಜಾಗ. ನಮ್ಮ ಹಲಸಿಗೆ 28 ಅಡಿ. ಅಂದರೆ ಕೊಟ್ಟಿಗೆಯ ಪಾಯ ತೆಗೆದಾಗಲೇ ಒಂದು ಪಕ್ಕದ ಬೇರು ಕಡಿದಾಗಿದೆ. ಇನ್ನುಳಿದ ಮೂರು ಪಕ್ಕದಲ್ಲಿ ಪೈಪ್‌ಲೈನ್, ಗೊಬ್ಬರದ ಗುಂಡಿ, ಶೌಚದ ಗುಂಡಿ ಅಂತ ಮತ್ತೆ ಅಗೆದರೆ ಮರಕ್ಕೆ ಹಿಡಿದು ನಿಲ್ಲೋಕೆ ಏನಿದೆ? ಹೋದ ವರ್ಷ ಬೋರ್‌ವೆಲ್ ಪೈಪ್ ಎಳೆಯುವಾಗ ಜೆಸಿಬಿಯವರಿಗೆ 20 ಅಡಿ ಸುತ್ತಿಹೋಗಿ ಅಂದೆ. ಪೈಪಿಗೆ ಇನ್ನಷ್ಟು ಖರ್ಚಾಯ್ತು, ಆಗಲಿ.

ಬುಡದವರೆಗೆ ಸಿಮೆಂಟ್ ಹಾಕುವುದು, ಚೆಂದಕ್ಕೆ ಕಟ್ಟೆ ಕಟ್ಟಿ ಮಣ್ಣು ತುಂಬುವುದು ಇನ್ನೊಂದು ಚಾಳಿ. ಬೇರಿಗೂ ಉಸಿರಾಡಬೇಕು. ದೆಹಲಿಯ ಮರಗಳ ವಿಚಾರದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಬುಡದ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟ್ ತೆಗೆಯಬೇಕು ಅಂತ ಆದೇಶ ಮಾಡಿತ್ತು. ಮನೆ ಅಂಗಳದಲ್ಲಿ ಅಷ್ಟಾದರೂ ಬಿಡಿ, ಇನ್ನೂ ಹೆಚ್ಚು ಬಿಟ್ಟರೆ ಒಳ್ಳೆಯದು.

ಸಾವಯವ ಮಾಡುವ ನಮ್ಮವರಿಗೆ ಒಂದು ಮಾತು, ಇದೂ ನನ್ನದೇ ಎಡವಟ್ಟು. ಮುಚ್ಚಿಗೆ ಒಳ್ಳೆಯದು ಅಂತ ಸಪೋಟ ಗಿಡದ ಕಾಂಡಕ್ಕೆ ಒತ್ತಿ ಒಂದಡಿ ಎತ್ತರ ತರಗು, ತೆಂಗಿನ ಸಿಪ್ಪೆ ಗುಡ್ಡೆ ಹಾಕಿ, ಅದರ ಮೇಲೆ ಜೀವಾಮೃತ ಸುರಿದಿದ್ದೆ. ಎರಡು ಮಳೆಗಾಲಕ್ಕೆ ತೊಗಟೆ ಕೊಳೆತು ಗೆದ್ದಲು ಹತ್ತಿತು. ಮುಚ್ಚಿಗೆ ಕಾಂಡದಿಂದ ಒಂದಡಿ ಬಿಟ್ಟು ಶುರುವಾಗಲಿ, ಮೂರ್ನಾಲ್ಕು ಇಂಚು ದಪ್ಪ ಸಾಕು. ನೀರು, ಗೊಬ್ಬರ ನೆರಳಿನ ಅಂಚಿಗೆ ಕೊಡಿ, ಹೀರುವ ಸಣ್ಣ ಬೇರು ಇರೋದು ಅಲ್ಲಿ.

ಬೇರು ಪಾಯ ಒಡೆಯುತ್ತೆ ಅನ್ನುವ ಭಯಕ್ಕೂ ಸ್ವಲ್ಪ ಲೆಕ್ಕ ಬೇಕು. ಗಟ್ಟಿ ಪಾಯವನ್ನು ಬೇರು ಕೊರೆಯುವುದು ಅಪರೂಪ, ಮೊದಲೇ ಇರುವ ಬಿರುಕಿಗೆ, ಸೋರುವ ಪೈಪಿಗೆ ಅದು ಹೋಗುತ್ತೆ. ಎರೆಭೂಮಿಯಲ್ಲಿ ಬೇರೆ ಕತೆ. ಬೇಸಿಗೆಯಲ್ಲಿ ಮರ ನೀರು ಹೀರಿ ಮಣ್ಣು ಕುಗ್ಗಿದರೆ ಗೋಡೆ ಬಿರಿಯುತ್ತೆ, ಅಲ್ಲಿ ಮರ ದೂರವೇ ಇರಲಿ. ಅರಳಿ, ಆಲ, ಅತ್ತಿ ಗೋಡೆ ಸಂದಿಯಲ್ಲಿ ಮೊಳೆತರೆ ಬೆರಳುದ್ದ ಇರುವಾಗಲೇ ಕಿತ್ತು ಬೇರೆ ಕಡೆ ನೆಡಿ.

ಕಡಿಯಲೇಬೇಕು ಅಂದಾಗ

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ನಮ್ಮದೇ ಜಾಗದ ಮರವಾದರೂ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗೆ ವಿನಾಯಿತಿ ಇದೆ. ಪಟ್ಟಿಗೆ ತಿದ್ದುಪಡಿಗಳಾಗಿವೆ, ಹಾಗಾಗಿ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಒಮ್ಮೆ ಕೇಳಿ. ಸತ್ತ, ರೋಗ ಬಿದ್ದ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಅಂತ ಕಾಯ್ದೆಯಲ್ಲೇ ಇದೆ. ಅರ್ಜಿ ಜೊತೆ ಬಿರುಕು, ಅಣಬೆ, ಓರೆ ಕಾಣುವ ಫೋಟೋ ಇಡಿ. ಬದಲಿಗೆ ಗಿಡ ನೆಡಿ ಅಂತ ಷರತ್ತು ಹಾಕಬಹುದು. ಕರೆಂಟ್ ತಂತಿ ಹತ್ತಿರದ ಕೊಂಬೆ ಇದ್ದರೆ ಲೈನ್‌ಮನ್‌ಗೆ ಹೇಳಿ, ಲೈನ್ ಆಫ್ ಮಾಡಿಸದೆ ಮರ ಮುಟ್ಟಬೇಡಿ. ಅಲ್ಯೂಮಿನಿಯಂ ದೋಟಿಯಂತೂ ತಂತಿ ಇರುವ ಕಡೆ ತೆಗೆಯಲೇಬೇಡಿ.

ಸಿಲ್ವರ್ ಓಕ್ ಜಾಗಕ್ಕೆ ನಾನು ಕರಿಬೇವು, ಸ್ವಲ್ಪ ಆಚೆ ಒಂದು ಸೀಬೆ ಹಾಕಿದ್ದೇನೆ. ಗೋಡೆ ಹತ್ತಿರಕ್ಕೆ ನಿಂಬೆ, ದಾಳಿಂಬೆ, ಸೀತಾಫಲ ಆಗುತ್ತೆ. ನುಗ್ಗೆ ನೆಟ್ಟರೆ ವರ್ಷಕ್ಕೊಮ್ಮೆ ಮೂರ್ನಾಲ್ಕು ಅಡಿಗೆ ಸವರುತ್ತಿರಿ, ಎತ್ತರಕ್ಕೆ ಬಿಟ್ಟರೆ ಸಣ್ಣ ಗಾಳಿಗೂ ಮುರಿಯುತ್ತೆ. ಮಾವು, ಹಲಸಿಗೆ 30 ಅಡಿಯಾದರೂ ಬೇಕು. ಕಸಿ ಹಲಸು ನಾಲ್ಕನ್ನೂ ಬದುವಿನ ಕಡೆ ನೆಟ್ಟಿದ್ದೇವೆ. ತಾತನ ಮರದ ಕಡ್ಡಿ ಅಂತ ಅಪ್ಪನೇ ಬೇಲಿ ಕಟ್ಟಿದರು.

ನಿಮ್ಮ ಕೈಯಲ್ಲಿ ಫೋನ್ ಇದೆಯಲ್ಲ, ಪ್ರತಿ ವರ್ಷ ಮಾರ್ಚ್‌ನಲ್ಲಿ ನಾಲ್ಕು ದಿಕ್ಕಿನಿಂದ, ಅದೇ ಜಾಗದಲ್ಲಿ ನಿಂತು ಮರದ ಫೋಟೋ ತೆಗೆದಿಡಿ. ಹೋದ ವರ್ಷದ್ದರ ಪಕ್ಕ ಇಟ್ಟು ನೋಡಿದರೆ ವಾಲಿದ್ದು, ತುದಿ ಒಣಗಿದ್ದು, ಬಿರುಕು ಅಗಲವಾದದ್ದು ಕಾಣುತ್ತೆ. ದಿನಾ ನೋಡುವ ಕಣ್ಣಿಗೆ ಅದು ಕಾಣೋದಿಲ್ಲ.

ಈ ವರ್ಷ ಭರಣಿ ಗಾಳಿ ಎರಡು ಸಲ ಜೋರಾಗಿ ಬಂತು. ಪುಳ್ಳೆ ಬಿಟ್ಟರೆ ಏನೂ ಬೀಳಲಿಲ್ಲ. ಎರಡೂ ಸಲ ಅಪ್ಪ ಟಾರ್ಚ್ ಹಿಡಿದು ಮರದ ಸುತ್ತ ಒಂದು ಸುತ್ತು ಬಂದು, ಬುಡದ ಮಣ್ಣು ನೋಡಿ, ಒಳಗೆ ಬಂದು ಮಲಗಿದರು. ಅಡುಗೆಮನೆ ಕಡೆಯ ಒಂದು ಕೊಂಬೆಯ ಬಗ್ಗೆ ಮಾತ್ರ ನಮ್ಮಿಬ್ಬರಿಗೆ ಇನ್ನೂ ಒಮ್ಮತ ಆಗಿಲ್ಲ. ಅವರು ಪೂರ್ತಿ ತೆಗಿ ಅಂತಾರೆ, ನಾನು ಮೂರನೇ ಒಂದು ಭಾಗ ಅಂತೀನಿ. ಅದರಲ್ಲಿ ಇನ್ನೂ ಐದು ಹಣ್ಣಿವೆ, ಕೊಯ್ಲು ಮುಗಿಯಲಿ ಅಂತ ಅಮ್ಮ ಹೇಳಿದ್ದಾರೆ.